ತಂಡ ಕಟ್ಟುವ ಲೆಕ್ಕ, ಕಾಣೆಯಾದ ತಂಡದ ಪ್ರಶ್ನೆ

ಇತ್ತೀಚೆಗೆ ತಿಕೋಟಾದ ಚಹಾದಂಗಡಿಯೊಂದರಲ್ಲಿ ಅರ್ಧ ತಾಸು ಕುಳಿತುಕೊಳ್ಳುವ ಪ್ರಸಂಗ ಬಂದಿತ್ತು. ದ್ರಾಕ್ಷಿ ತೋಟದಿಂದ ಬಂದಿದ್ದ ಇಬ್ಬರು ರೈತರು, ಬಬಲೇಶ್ವರದ ಕಡೆಯ ಮೂವರು ವಿದ್ಯಾರ್ಥಿಗಳು, ವಿಜಯಪುರದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಶಿಕ್ಷಕರು ಅಲ್ಲಿದ್ದರು. ಮಾತು ಮಳೆ ಬೆಳೆಯದ್ದಾಗಿರಲಿಲ್ಲ. ರಾಯಲ್ ಚಾಲೆಂಜರ್ಸ್ ತಂಡ ಹದಿನೇಳು ವರ್ಷ ಬರಿಗೈಯಲ್ಲಿ ಮರಳಿದ್ದೇಕೆ, ಯಾರನ್ನು ಉಳಿಸಿಕೊಳ್ಳಬೇಕಿತ್ತು, ಯಾರನ್ನು ಬಿಡಬೇಕಿತ್ತು ಎಂಬುದೇ ಚರ್ಚೆಯ ವಿಷಯವಾಗಿತ್ತು. “ಚಾಹಲ್‌ನ ಬಿಟ್ಟಿದ್ದೇ ದೊಡ್ಡ ತಪ್ಪು ನೋಡ್ರಿ ಸರ್” ಎಂದು ವಿದ್ಯಾರ್ಥಿಯೊಬ್ಬ ಶಿಕ್ಷಕರೊಡನೆ ವಾದಿಸುತ್ತಿದ್ದ. ಚರ್ಚೆ ಕಾವೇರಿದ ಹೊತ್ತಿಗೆ, ಅಲ್ಲಿಯವರೆಗೂ ಮೌನವಾಗಿದ್ದ ಹಿರಿಯ ರೈತರು ಕೇಳಿದರು: “ಅದೆಲ್ಲಾ ಇರ್ಲಿ ತಮ್ಮಾ, ನಮ್ಮ ಬಿಜಾಪುರದ್ದೂ ಒಂದು ಟೀಮ್ ಇತ್ತಲ್ಲ, ಅದೆಲ್ಲಿ ಹೋತು?” ಯಾರೂ ಉತ್ತರ ಹೇಳಲಿಲ್ಲ.

ಅಭಿಮಾನಿಗಳ ಇಂಥ ಚರ್ಚೆಯನ್ನು ಕಾಲಹರಣವೆಂದು ತಳ್ಳಿಹಾಕುವುದು ವಾಡಿಕೆ. ಮೂರು ದಶಕಗಳ ಕಾಲ ವರ್ಗಾವಣೆ ಪಟ್ಟಿಗಳ ನಡುವೆಯೇ ಬದುಕಿದ ನನ್ನಂಥವನಿಗೆ ಮಾತ್ರ ಅದು ಅಷ್ಟು ಹಗುರವಾದ ವಿಷಯವೆನಿಸುವುದಿಲ್ಲ. ಯಾರನ್ನು ಎಲ್ಲಿ ನಿಯೋಜಿಸಬೇಕು, ಸಮರ್ಥನೊಬ್ಬನನ್ನು ಕಳೆದುಕೊಂಡರೆ ಆ ಸ್ಥಾನಕ್ಕೆ ಯಾರು ಎಂಬ ಪ್ರಶ್ನೆ ಕಚೇರಿಗೂ ಅನ್ವಯಿಸುತ್ತದೆ, ತಂಡಕ್ಕೂ ಅನ್ವಯಿಸುತ್ತದೆ. ಮಿತವಾದ ಹಣ, ಮಿತವಾದ ಸ್ಥಾನ, ಅನಿಶ್ಚಿತವಾದ ಫಲ ಎಂಬ ಮೂರರ ನಡುವಿನ ಆಯ್ಕೆಯೇ ಅರ್ಥಶಾಸ್ತ್ರದ ಮೂಲ ವಸ್ತು. ಚಹಾದಂಗಡಿಯ ತರುಣರು ಅರಿಯದೆಯೇ ಆ ಶಾಸ್ತ್ರದ ಅಭ್ಯಾಸದಲ್ಲಿ ತೊಡಗಿದ್ದರು.

ಆ ವಿದ್ಯಾರ್ಥಿಯ ಆಕ್ಷೇಪವನ್ನೇ ಪರಿಶೀಲಿಸೋಣ. 2022ರ ಹರಾಜಿಗೆ ಮುನ್ನ ಬೆಂಗಳೂರು ತಂಡ ಕೊಹ್ಲಿ, ಮ್ಯಾಕ್ಸ್‌ವೆಲ್ ಮತ್ತು ಸಿರಾಜ್ ಅವರನ್ನು ಉಳಿಸಿಕೊಂಡು ಯಜುವೇಂದ್ರ ಚಾಹಲ್ ಅವರನ್ನು ಬಿಟ್ಟುಕೊಟ್ಟಿತು. ರಾಜಸ್ಥಾನ ತಂಡ 6.5 ಕೋಟಿ ರೂಪಾಯಿಗೆ ಅವರನ್ನು ಕೊಂಡಿತು. ಆ ವರ್ಷ 27 ವಿಕೆಟ್ ಪಡೆದು ಅವರು ಅಗ್ರಸ್ಥಾನದಲ್ಲಿ ನಿಂತರು. ಇಷ್ಟು ಎಲ್ಲರಿಗೂ ನೆನಪಿದೆ. ಅವರ ಸ್ಥಾನಕ್ಕೆ 10.75 ಕೋಟಿ ಕೊಟ್ಟು ತಂದ ಶ್ರೀಲಂಕಾದ ಹಸರಂಗ ಅದೇ ವರ್ಷ 26 ವಿಕೆಟ್ ಪಡೆದರೆಂಬುದು ಮಾತ್ರ ಯಾರಿಗೂ ನೆನಪಿಲ್ಲ. ಅಂದರೆ ಆ ಒಂದು ವರ್ಷದಲ್ಲಿ ತಂಡ ಕಳೆದುಕೊಂಡದ್ದು ಒಂದು ವಿಕೆಟ್ ಮತ್ತು 4.25 ಕೋಟಿ. ವಿಕೆಟ್ಟಿನ ನಷ್ಟ ಅಲ್ಪ, ಹಣದ ನಷ್ಟ ದೊಡ್ಡದು; ಆ ಹಣದಲ್ಲಿ ಇನ್ನೊಬ್ಬ ಒಳ್ಳೆಯ ಆಟಗಾರ ದೊರೆಯುತ್ತಿದ್ದ. ಮುಂದಿನ ವರ್ಷ ಚಾಹಲ್ ಮತ್ತೆ 21 ವಿಕೆಟ್ ಪಡೆದರು. ಹಸರಂಗ ಅವರನ್ನು ತಂಡವೇ 2023ರ ಕೊನೆಯಲ್ಲಿ ಕೈಬಿಟ್ಟಿತು. ಹೀಗೆ ನೋಡಿದರೆ ವಿದ್ಯಾರ್ಥಿಯ ತೀರ್ಮಾನ ಸರಿ. ಆದರೆ ಅದಕ್ಕೆ ಅವನು ಕೊಟ್ಟ ಕಾರಣ ಪೂರ್ಣವಾದದ್ದಲ್ಲ. ಹೋದವನು ಏನು ಮಾಡಿದ ಎಂಬುದನ್ನಷ್ಟೇ ನೋಡಿದರೆ ಸಾಲದು. ಬಂದವನು ಯಾವ ಬೆಲೆಗೆ ಏನು ಮಾಡಿದ ಎಂಬುದನ್ನೂ ಪಕ್ಕದಲ್ಲಿಟ್ಟು ತೂಗಬೇಕು.

ಅಭಿಮಾನಿಗಳು ಮಾತ್ರವಲ್ಲ, ಪಂಡಿತರೂ ಎಡವುವ ಇನ್ನೊಂದು ಸ್ಥಳವಿದೆ. ಫಲಿತಾಂಶ ಬಂದ ಮೇಲೆ ಅದಕ್ಕೆ ತಕ್ಕಂತೆ ನಿರ್ಧಾರಕ್ಕೆ ಅಂಕ ಕೊಡುವ ಅಭ್ಯಾಸ ಅದು. 2008ರಲ್ಲಿ ಎಂಟು ತಂಡಗಳಲ್ಲಿ ಏಳನೆಯದಾಗಿದ್ದ ಬೆಂಗಳೂರು ತಂಡ ಮರುವರ್ಷ ಜಹೀರ್ ಖಾನರನ್ನು ಮುಂಬೈಗೆ ಕೊಟ್ಟು ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಅವರನ್ನು ಪಡೆಯಿತು. ಆ ವರ್ಷ ಅನಿಲ್ ಕುಂಬ್ಳೆ ನಾಯಕತ್ವದಲ್ಲಿ ತಂಡ ಜೋಹಾನ್ಸ್‌ಬರ್ಗ್‌ನ ಅಂತಿಮ ಪಂದ್ಯ ತಲುಪಿ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್ನುಗಳಿಂದ ಸೋತಿತು. 2016ರ ಅಂತಿಮ ಪಂದ್ಯದ ಸೋಲು 8 ರನ್ನುಗಳದು. 2017ರಲ್ಲಿ ಇದೇ ತಂಡ ಕೋಲ್ಕತ್ತದಲ್ಲಿ 49 ರನ್ನಿಗೆ ಕುಸಿದು ಪಟ್ಟಿಯ ತಳ ಸೇರಿತು. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಆ ಗೆಲುವಿನ ಅಂತರವೂ 6 ರನ್ನೇ. ಆರು ರನ್ ಆ ಕಡೆ ಬಿದ್ದರೆ ಆಡಳಿತವರ್ಗ ಮೂರ್ಖರದು, ಈ ಕಡೆ ಬಿದ್ದರೆ ದೂರದೃಷ್ಟಿಯುಳ್ಳದ್ದು ಎಂಬ ತೀರ್ಪಿನಲ್ಲಿ ವಿವೇಕಕ್ಕಿಂತ ಅದೃಷ್ಟದ ಪಾಲೇ ಹೆಚ್ಚು. ನಿರ್ಧಾರ ಕೈಗೊಂಡ ದಿನ ಏನು ತಿಳಿದಿತ್ತು ಎಂಬುದೇ ಸರಿಯಾದ ಅಳತೆಗೋಲು.

ಆ ಅಳತೆಗೆ ವಿಜಯಪುರದವರು ಹೊರಗಿನ ಉದಾಹರಣೆ ಹುಡುಕಬೇಕಿಲ್ಲ. 2017ರ ಮಹಿಳಾ ವಿಶ್ವಕಪ್‌ನಲ್ಲಿ ಭಾರತದ ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್ ಪಾಕಿಸ್ತಾನದ ವಿರುದ್ಧ 18 ರನ್ನಿಗೆ 5 ವಿಕೆಟ್ ಪಡೆದಿದ್ದರು. ಆದರೂ ಸೆಮಿಫೈನಲ್ ಪ್ರವೇಶಕ್ಕೆ ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ವಿರುದ್ಧದ ಪಂದ್ಯದಲ್ಲಿ ಅವರ ಬದಲಿಗೆ, ಆ ಕೂಟದಲ್ಲಿ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಆಡಿರದ ನಮ್ಮೂರಿನ ರಾಜೇಶ್ವರಿ ಗಾಯಕವಾಡ ಅವರನ್ನು ಇಳಿಸಲಾಯಿತು. ಡರ್ಬಿಯಲ್ಲಿ ಅವರು 15 ರನ್ನಿಗೆ 5 ವಿಕೆಟ್ ಪಡೆದರು. ನ್ಯೂಜಿಲೆಂಡ್ 79ಕ್ಕೆ ಉರುಳಿತು. ಅಂದು ರಾಜೇಶ್ವರಿಗೆ ವಿಕೆಟ್ ಸಿಗದೇ ಹೋಗಿದ್ದರೆ ಆಯ್ಕೆ ಮಾಡಿದವರನ್ನು ದೇಶವೇ ಹಳಿಯುತ್ತಿತ್ತು. ಆಯ್ಕೆಯ ಹಿಂದಿನ ವಿಚಾರ ಮಾತ್ರ ಆಗಲೂ ಅದೇ ಆಗಿರುತ್ತಿತ್ತು.

ಸೋಲುವ ತಂಡವನ್ನು ನಡೆಸುವ ಬಗೆಗೆ ಇದೇ ಬೆಂಗಳೂರು ಫ್ರಾಂಚೈಸಿಯ ಮಹಿಳಾ ತಂಡ ಒಂದು ಪಾಠ ಹೇಳಿದೆ. 2023ರ ಮೊದಲ ಆವೃತ್ತಿಯಲ್ಲಿ ಅದು ಸತತ ಐದು ಪಂದ್ಯ ಸೋತಿತು. ಮೊದಲ ಗೆಲುವು ದಕ್ಕಿದ್ದು, ವಿಚಿತ್ರವೆಂದರೆ, ರಾಜೇಶ್ವರಿಯವರಿದ್ದ ಉತ್ತರ ಪ್ರದೇಶದ ತಂಡದ ವಿರುದ್ಧ. 3.4 ಕೋಟಿ ಕೊಟ್ಟು ತಂದ ನಾಯಕಿ ಸ್ಮೃತಿ ಮಂದಾನ ಅವರನ್ನು ಬದಲಿಸದೆ, ತಂಡ ತನ್ನ ತರಬೇತುದಾರರನ್ನೂ ಬೌಲಿಂಗ್ ಬಲವನ್ನೂ ಬದಲಿಸಿತು. 2024ರ ಮಾರ್ಚ್ 17ರ ಅಂತಿಮ ಪಂದ್ಯದ ಗತಿ ತಿರುಗಿಸಿದ್ದು ಕೇವಲ 30 ಲಕ್ಷಕ್ಕೆ ಕೊಂಡಿದ್ದ ಸೋಫಿ ಮೊಲಿನ್ಯೂ ಅವರ ಒಂದು ಓವರ್. ಆ ಓವರಿನಲ್ಲಿ ಮೂರು ವಿಕೆಟ್ ಉರುಳಿದವು. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏಪ್ರಿಲ್ ಚಾಟ್ನಿ ಮಾಡಿದವನು ಆಗಲೇ ಹಣ್ಣು ಕೇಳುವುದಿಲ್ಲ. ಆಗ ಬೆಳೆಸಿದ ಕಡ್ಡಿಯೇ ಅಕ್ಟೋಬರ್ ಚಾಟ್ನಿಯ ನಂತರ ಗೊನೆ ಬಿಡುತ್ತದೆ. ಕತ್ತರಿ ಹಾಕಬೇಕಾದದ್ದು ಕಡ್ಡಿಗೆ, ಕಾಂಡಕ್ಕಲ್ಲ.

ಇಷ್ಟೆಲ್ಲ ವಿವೇಚನೆಯುಳ್ಳ ಅಭಿಮಾನಿಗೆ ಕ್ರೀಡೆಯ ವ್ಯವಸ್ಥೆಯಲ್ಲಿರುವ ಸ್ಥಾನ ಯಾವುದು? 2025ರ ಜೂನ್ 4ರಂದು ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೆರೆದವರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದರು. ಹದಿನೇಳು ವರ್ಷ ಕಾದವರನ್ನು ಒಂದು ಸಂಜೆ ಸುರಕ್ಷಿತವಾಗಿ ಬರಮಾಡಿಕೊಳ್ಳುವ ಏರ್ಪಾಡೂ ಇರಲಿಲ್ಲ. ಅಭಿಮಾನಿಯನ್ನು ಟಿಕೆಟ್ ಕೊಳ್ಳುವವನಾಗಿ, ಟಿವಿ ನೋಡುವವನಾಗಿ ಮಾತ್ರ ಎಣಿಸುವ ಮನೋಭಾವದ ಅತ್ಯಂತ ದಾರುಣ ರೂಪವದು.

ಅದರ ಮೌನ ರೂಪವೇ ಹಿರಿಯ ರೈತರ ಪ್ರಶ್ನೆಯಲ್ಲಿದ್ದದ್ದು. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಿಜಾಪುರ ಬುಲ್ಸ್ ಎಂಬ ತಂಡವಿತ್ತು. 2015 ಮತ್ತು 2018ರಲ್ಲಿ ಅದು ಪ್ರಶಸ್ತಿ ಗೆದ್ದಿತು. ಬೆಂಗಳೂರು ತಂಡಕ್ಕೆ ಒಂದು ಕಪ್ಪಿಗೆ ಹದಿನೇಳು ವರ್ಷ ಕಾಯಬೇಕಾಯಿತು. ನಮ್ಮ ಊರಿನ ಹೆಸರಿನ ತಂಡ ಮೂರು ವರ್ಷಗಳ ಅಂತರದಲ್ಲಿ ಎರಡು ಗೆದ್ದಿತ್ತು. 2019ರಲ್ಲಿ ಆ ಲೀಗಿನ ಸುತ್ತ ಪಂದ್ಯ ನಿಗದಿಯ ಆರೋಪಗಳ ತನಿಖೆ ನಡೆಯಿತು, ಲೀಗ್ ನಿಂತಿತು. 2022ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ಮಹಾರಾಜ ಟ್ರೋಫಿಯ ಹೆಸರಿನಲ್ಲಿ ಹೊಸ ಕೂಟ ಆರಂಭಿಸಿದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಮಂಗಳೂರು ಎಂಬ ಆರು ಹೆಸರುಗಳಿದ್ದವು. ವಿಜಯಪುರವಿರಲಿಲ್ಲ, ಬೆಳಗಾವಿ, ಬಳ್ಳಾರಿಯೂ ಇರಲಿಲ್ಲ. 2025ರವರೆಗೂ ಆ ಪಟ್ಟಿ ಬದಲಾಗಲಿಲ್ಲ. ಹಳೆಯ ಲೀಗನ್ನು ಶುದ್ಧಗೊಳಿಸಬೇಕಿದ್ದುದು ನಿಜ. ಆದರೆ ಊರುಗಳ ಹೆಸರನ್ನು ಕೈಬಿಡುವಾಗ ಆ ಊರುಗಳ ಜನರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹನ್ನೊಂದನೆಯ ಆಟಗಾರ ಯಾರೆಂದು ವರ್ಷಗಟ್ಟಲೆ ವಾದಿಸುವ ನಾವೂ ಇಡೀ ತಂಡ ಹೋದಾಗ ಸುಮ್ಮನಿದ್ದೆವು.

ಇದು ಬರಿಯ ಅಭಿಮಾನದ ಮಾತಲ್ಲ. ಊರಿನ ಹೆಸರಿನ ತಂಡವೊಂದಿದ್ದರೆ ಆಯ್ಕೆದಾರರ ಕಣ್ಣು ಆ ಊರಿನ ಮೈದಾನಗಳ ಮೇಲೂ ಬೀಳುತ್ತದೆ. ಬಬಲೇಶ್ವರದ ಹುಡುಗನೊಬ್ಬ ಐನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿಯದೆಯೂ ಗುರುತಿಸಲ್ಪಡುವ ಸಾಧ್ಯತೆ ಇರುತ್ತದೆ. ಜರ್ಮನಿಯ ಫುಟ್‌ಬಾಲ್ ಸಂಘಗಳಲ್ಲಿ ಮತದ ಬಹುಪಾಲು ಸದಸ್ಯರ ಕೈಯಲ್ಲೇ ಉಳಿಯಬೇಕೆಂಬ ನಿಯಮ 1998ರಿಂದ ಇದೆ. ಬಂಡವಾಳಗಾರ ಬರಬಹುದು, ಆದರೆ ಸಂಘವನ್ನು ಊರಿನಿಂದ ಕಿತ್ತುಕೊಂಡು ಹೋಗಲಾರ. ಅಷ್ಟು ದೂರ ನಾವು ಈಗಲೇ ಹೋಗಬೇಕಾಗಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆ ಕೂಟವನ್ನು ವಿಸ್ತರಿಸುವಾಗ ವಿಜಯಪುರದ ಹೆಸರನ್ನು ಮರಳಿ ಸೇರಿಸಲಿ. ಆ ತಂಡದಲ್ಲಿ ಜಿಲ್ಲೆಯ ಕೆಲವು ಆಟಗಾರರಾದರೂ ಇರಬೇಕೆಂದು ವಿಧಿಸಲಿ. ವರ್ಷಕ್ಕೆ ಒಂದೆರಡು ಪಂದ್ಯಗಳನ್ನು ಇಲ್ಲಿಯೇ ಆಡಿಸಲು ಬೇಕಾದ ಮೈದಾನವನ್ನು ಜಿಲ್ಲಾಡಳಿತದೊಡನೆ ಸೇರಿ ಸಿದ್ಧಪಡಿಸಲಿ. ಜಿಲ್ಲೆಯ ಜನಪ್ರತಿನಿಧಿಗಳು ಮತ್ತು ಕ್ರೀಡಾ ಸಂಘಗಳು ಈ ಬೇಡಿಕೆಯನ್ನು ಲಿಖಿತವಾಗಿ ಮುಂದಿಡಬೇಕು. ಕೇಳದವರಿಗೆ ಕೊಡುವ ಪದ್ಧತಿ ಯಾವ ಕಚೇರಿಯಲ್ಲೂ ಇಲ್ಲವೆಂಬುದು ನನ್ನ ಸೇವಾವಧಿಯ ಅನುಭವ.

ಚಾಹಲ್ ಅವರನ್ನು ಬಿಟ್ಟದ್ದು ಸರಿಯೋ ತಪ್ಪೋ ಎಂಬ ವಾದ ಮುಂದುವರಿಯಲಿ. ಅದರಿಂದ ಬುದ್ಧಿ ಚುರುಕಾಗುತ್ತದೆಯೇ ಹೊರತು ಹಾನಿಯಿಲ್ಲ. ಅದರ ನಡುವೆ ಆ ಹಿರಿಯರ ಪ್ರಶ್ನೆಗೂ ಯಾರಾದರೂ ಉತ್ತರ ಹೇಳಬೇಕಾಗಿದೆ.