ಷರೀಫರೂ ಗಿಟಾರೂ

2008ರಲ್ಲಿ ರಘು ದೀಕ್ಷಿತರ ತಂಡ ತನ್ನ ಪ್ರಥಮ ಧ್ವನಿಮುದ್ರಿಕೆಯನ್ನು ಹೊರತಂದಾಗ ಶಿಶುನಾಳ ಷರೀಫರ ತತ್ತ್ವಪದ ಗಿಟಾರಿನೊಡನೆ ನಗರದ ತರುಣರ ಕಿವಿಗೆ ಬಿದ್ದಿತು. ಮಡಿವಂತರು ಮುಖ ಸಿಂಡರಿಸಿದರೆ ಅಚ್ಚರಿಯಿಲ್ಲ. ಆದರೆ 1990ರ ಚಲನಚಿತ್ರದಲ್ಲಿ ಸಿ. ಅಶ್ವತ್ಥರೂ ಏಕತಾರಿಯೊಂದನ್ನೇ ನೆಚ್ಚಿ ಕುಳಿತಿರಲಿಲ್ಲವಷ್ಟೆ. ವಾದ್ಯ ಬದಲಾದ ಮಾತ್ರಕ್ಕೆ ಪದ ಕೆಡದು. ಹಾಡುವ ಸಂದರ್ಭವೇ ಅಳಿದಾಗ ಕೆಡುವುದು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶವನ್ನೇ ನೋಡಿ: ರಾಗಿ ಬೆಳೆದ ನೆಲದಲ್ಲಿ ಕಾರ್ಖಾನೆಗಳು ನಿಂತಿವೆ. ಪಾಳಿಯಲ್ಲಿ ದುಡಿಯುವವಳಿಗೆ ತತ್ತ್ವಪದವಿರಲಿ, ಬೀಸುವ ಪದವಾದರೂ ಎಲ್ಲಿಯದು? ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಎಚ್. ಎಲ್. ನಾಗೇಗೌಡರು ಹಳ್ಳಿಯ ಕಂಠಗಳನ್ನು ಧ್ವನಿಸುರುಳಿಯಲ್ಲಿ ಹಿಡಿದಿಟ್ಟರು. ಅದು ಸಂಗ್ರಹ, ದೀಕ್ಷಿತರದು ಪ್ರಯೋಗ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ನನ್ನ ತರಗತಿಗೆ ಷರೀಫರ ಪರಿಚಯ ಹೊತ್ತು ಬರುವ ವಿದ್ಯಾರ್ಥಿಗಳು ಬಹುಮಟ್ಟಿಗೆ ಗಿಟಾರಿನ ದಾರಿಯಿಂದಲೇ ಬಂದವರು. ಕನ್ನಡದ ಮೇಷ್ಟರಾದ ನನಗಿದು ಕೊಂಚ ನಾಚಿಕೆ, ಬಹಳ ಸಂತೋಷ.