ನಳಿಗೆಯನ್ನು ದೂರುವ ಮುನ್ನ

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನೆರೆಮನೆಯ ಹಿರಿಯರೊಬ್ಬರ ಪರಿಚಯವಾಯಿತು. ಸೀಸವನ್ನು ಕರಗಿಸಿ, ಅಚ್ಚಿಗೆ ಎರೆದು, ತಾವೇ ಗುಂಡು ಮಾಡಿಕೊಂಡು ಗುರಿ ಹೊಡೆಯುವುದು ಅವರ ಹವ್ಯಾಸ. ಆ ದೇಶದಲ್ಲಿ ಅದಕ್ಕೆ ದೊಡ್ಡ ಬಳಗವೇ ಇದೆ. ಅವರಲ್ಲಿದ್ದ ಹಳೆಯ ಲೀ-ಎನ್‌ಫೀಲ್ಡ್ 303 ರೈಫಲನ್ನು ಕಂಡೊಡನೆ ನನಗೆ ಎನ್.ಸಿ.ಸಿ. ಶಿಬಿರಗಳು ನೆನಪಾದವು. ಪುಲ್‌ಥ್ರೂಗೆ ಚಿಂದಿ ಸಿಕ್ಕಿಸಿ ನಳಿಗೆ ಎಳೆಯುವಾಗ ಹುಡುಗರು ಪಡುತ್ತಿದ್ದ ಸಂಭ್ರಮವೇ ಬೇರೆ. ಇರಲಿ.

ಗುಂಡುಗಳು ಗುರಿಯ ಸುತ್ತ ಚದರುತ್ತಿವೆ, ನಳಿಗೆಯ ಒಳಗು ಒರಟಾಗಿದೆ, ಆದ್ದರಿಂದ ಗುಂಡಿಗೆ ಎಮರಿ ಪೇಸ್ಟ್ ಸವರಿ ಹೊಡೆದು ನುಣುಪು ಮಾಡುತ್ತೇನೆ ಎಂಬುದು ಅವರ ಸಂಕಲ್ಪ. ಈ ಮದ್ದಿಗೆ ನನ್ನ ವಿರೋಧವಿದೆ. ರೋಗನಿದಾನವಿಲ್ಲದೆ ಶಸ್ತ್ರಚಿಕಿತ್ಸೆಗೆ ಇಳಿಯುವುದು ಯಾವ ನ್ಯಾಯ?

ಒರಟುತನ ಸುಳ್ಳಲ್ಲ. ಹಳೆಯ ಮಿಲಿಟರಿ ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ಉಳಿಯುವ ಪೊಟ್ಯಾಸಿಯಂ ಕ್ಲೋರೈಡ್ ನಮ್ಮ ಅಡುಗೆ ಉಪ್ಪಿನ ದಾಯಾದಿ. ಗಾಳಿಯ ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಅದು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದುದರಿಂದಲೇ ಬ್ರಿಟಿಷ್ ಸಿಪಾಯಿಗಳು ನಳಿಗೆಗೆ ಕುದಿನೀರು ಸುರಿಯುತ್ತಿದ್ದರು. ಹಾಗೆ ಮಾಡದವರ ಬಂದೂಕುಗಳಲ್ಲಿ ತುಕ್ಕು ತಿಂದ ಗುಳಿಗಳು ಉಳಿದವು. ಗುಳಿ ಎಂದರೆ ಅಲ್ಲಿ ಲೋಹವೇ ಇಲ್ಲ. ಉಜ್ಜಿ ಗುಳಿಯನ್ನು ಅಳಿಸಬೇಕಾದರೆ ಸುತ್ತಲಿನ ಉಕ್ಕನ್ನೆಲ್ಲ ಅದರ ಆಳಕ್ಕೆ ಸವೆಸಬೇಕು. ಆಗ ನಳಿಗೆಯೇ ಹಿಗ್ಗುತ್ತದೆ, ಗುಂಡು ಇನ್ನಷ್ಟು ಸಡಿಲವಾಗುತ್ತದೆ. ಉಜ್ಜುವಿಕೆಯಿಂದ ಆಗುವುದು ಗುಳಿಯ ಅಂಚಿನ ಮುಳ್ಳುಗಳು ಮುರಿಯುವುದು, ಅಷ್ಟೆ.

ಮುಖ್ಯವಾದ ಮಾತು ಇನ್ನೊಂದಿದೆ. 303 ಎಂಬುದು ನಳಿಗೆಯೊಳಗಿನ ಏಣುಗಳ ನಡುವಣ ಅಳತೆ, ಅಂದರೆ 0.303 ಇಂಚು. ತೋಡುಗಳ ಅಳತೆ 0.314ರ ಆಸುಪಾಸು, ಸವೆದವುಗಳಲ್ಲಿ ಅದಕ್ಕೂ ಹೆಚ್ಚು. ಸೀಸದ ಗುಂಡು ತೋಡಿನ ಅಳತೆಗಿಂತ ಸಾವಿರದ ಒಂದು ಇಂಚಿನಷ್ಟಾದರೂ ದಪ್ಪವಿರಬೇಕು. ತೆಳ್ಳಗಿದ್ದರೆ ಮದ್ದಿನ ಬಿಸಿ ಅನಿಲ ಪಕ್ಕದಿಂದ ನುಸುಳಿ ಗುಂಡಿನ ಮೈಯನ್ನೇ ಕರಗಿಸಿ ನಳಿಗೆಗೆ ಬಳಿಯುತ್ತದೆ. ಒಳಗೆ ಇಣುಕಿದವನಿಗೆ ಅದು ಒರಟು ನಳಿಗೆಯ ಅಪರಾಧದಂತೆಯೇ ಕಾಣುತ್ತದೆ! ಪಾಠ ಅರ್ಥವಾಗದ ಹುಡುಗನನ್ನು ದಡ್ಡನೆಂದು ಬಡಿದ ಮೇಷ್ಟ್ರುಗಳಲ್ಲಿ ನಾನೂ ಒಬ್ಬನಾಗಿದ್ದೆನಾದ್ದರಿಂದ ಈ ತಪ್ಪು ನನಗೆ ಚೆನ್ನಾಗಿ ಗೊತ್ತು.

ಹಾಗೆಂದು ಉಜ್ಜುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಶ್ರೇಷ್ಠ ನಳಿಗೆ ತಯಾರಕರು ಉಳಿಯ ಗೀರುಗಳನ್ನು ಕೈಯಿಂದಲೇ ತೀಡುತ್ತಾರೆ. ನಳಿಗೆಯೊಳಗೇ ಸಲಾಕೆಯ ತುದಿಗೆ ಸೀಸ ಎರೆದು, ಆ ಅಚ್ಚಿಗೆ ನುಣ್ಣನೆಯ ಪುಡಿಯನ್ನೂ ಎಣ್ಣೆಯನ್ನೂ ಹಚ್ಚಿ ಹಿಂದೆ ಮುಂದೆ ಆಡಿಸುತ್ತಾರೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಕೈಗೆ ತಿಳಿಯುತ್ತದೆ, ಬೇಕಾದಲ್ಲಿ ನಿಲ್ಲಿಸಬಹುದು. ಪೇಸ್ಟ್ ಸವರಿ ಹೊಡೆದ ಗುಂಡಿಗೆ ಆ ವಿವೇಕವಿಲ್ಲ. ಪೇಸ್ಟ್ ಹರಿತವಾಗಿರುವುದು ಆರಂಭದಲ್ಲಿ. ಆದ್ದರಿಂದ ಮೊದಲು ಸವೆಯುವುದು ನಳಿಗೆಯ ಗಂಟಲು. ಗುಂಡನ್ನು ನೆಟ್ಟಗೆ ಹಿಡಿದು ಒಳಗೆ ಕಳುಹಿಸಬೇಕಾದ ಭಾಗವೂ ಅದೇ. ಹೋದ ಉಕ್ಕು ಮರಳಿ ಬರುವುದಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಳೆದಿರಾ?" ಅಳೆದಿರಲಿಲ್ಲ. ಎಣ್ಣೆ ಸವರಿದ ನಳಿಗೆಯಲ್ಲಿ ಮೆದು ಸೀಸದ ಉಂಡೆಯೊಂದನ್ನು ತಳ್ಳಿ ಹೊರತೆಗೆದೆವು. ಎನ್‌ಫೀಲ್ಡಿಗೆ ಸಾಮಾನ್ಯವಾಗಿ ಐದು ತೋಡು, ಒಂದರ ಎದುರು ಇನ್ನೊಂದಿಲ್ಲ; ಸಾಧಾರಣ ಮೈಕ್ರೋಮೀಟರು ಇಲ್ಲಿ ಮೋಸ ಮಾಡುತ್ತದೆ. ವಿ ಆಕಾರದ ಬಾಯಿಯದನ್ನು ಅವರು ಎಲ್ಲಿಂದಲೋ ಎರವಲು ತಂದರು. ತೋಡು 0.315, ಅವರ ಗುಂಡು 0.311.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ನಾನು ಊರಿಗೆ ಹೊರಡುವ ಹೊತ್ತಿಗೆ 0.316ರ ಅಚ್ಚಿಗೆ ಹಣ ಕಳುಹಿಸಿದ್ದರು. ಎಮರಿ ಪೇಸ್ಟಿನ ಡಬ್ಬಿ ಮಾತ್ರ ಗ್ಯಾರೇಜಿನ ಕಪಾಟಿನಲ್ಲಿ ಹಾಗೆಯೇ ಇತ್ತು.