ಇಂದಿನ ಆಟಗಾರ, ನಾಳಿನ ಸರದಿ

2009ರ ಸೆಪ್ಟೆಂಬರ್ 6. ಅಮೆರಿಕನ್ ಫುಟ್‌ಬಾಲ್ ಋತು ಆರಂಭವಾಗಲು ಕೆಲವೇ ದಿನಗಳಿದ್ದವು. ಅಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವು ತನ್ನ ಹೆಸರಾಂತ ಆಟಗಾರ ರಿಚರ್ಡ್ ಸೀಮೋರ್ ಅವರನ್ನು ರೈಡರ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಆಗ ರೈಡರ್ಸ್ ತಂಡದ ನೆಲೆ ಓಕ್ಲೆಂಡ್ ನಗರ. ಬದಲಿಗೆ ಪೇಟ್ರಿಯಟ್ಸ್‌ಗೆ ಹಣ ಬರಲಿಲ್ಲ, ಬೇರೆ ಆಟಗಾರನೂ ಬರಲಿಲ್ಲ. ಬಂದದ್ದು ಒಂದು ಭರವಸೆ ಮಾತ್ರ. 2011ರಲ್ಲಿ ಹೊಸ ಆಟಗಾರರನ್ನು ಆರಿಸುವಾಗ, ಮೊದಲ ಸುತ್ತಿನಲ್ಲಿ ರೈಡರ್ಸ್‌ಗೆ ಬರುವ ಸರದಿ ಪೇಟ್ರಿಯಟ್ಸ್‌ಗೆ ಸೇರತಕ್ಕದ್ದು ಎಂಬುದೇ ಆ ಭರವಸೆ. ಆ ಸರದಿಯಲ್ಲಿ ಸಿಗುವ ಹುಡುಗ ಆಗಿನ್ನೂ ಕಾಲೇಜಿನಲ್ಲಿದ್ದ. ಅವನು ಯಾರೆಂಬುದು ಯಾರಿಗೂ ಗೊತ್ತಿರಲಿಲ್ಲ.

ಕಣ್ಣೆದುರಿಗಿರುವ ವಸ್ತುವನ್ನೂ ಇನ್ನೂ ಕೈಗೆ ಬಾರದ ವಸ್ತುವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಆಟದ ಬಗ್ಗೆ ಒಂದೆರಡು ಮಾತು ಅಗತ್ಯ.

ಇದು ನಮ್ಮಲ್ಲಿ ಫುಟ್‌ಬಾಲ್ ಎಂದು ಕರೆಯುವ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಎರಡೂ ಕಡೆ ಹನ್ನೊಂದು ಹನ್ನೊಂದು ಮಂದಿ. ಚೆಂಡಿನ ಮುಂದೆ ಎದುರುಬದುರಾಗಿ ಬಾಗಿ ನಿಲ್ಲುವ ಭಾರೀ ಮೈಕಟ್ಟಿನವರೇ ಲೈನ್‌ಮನ್‌ಗಳು. ಚೆಂಡೆಸೆಯುವವನಿಗೆ ಗೋಡೆಯಾಗಿ ನಿಲ್ಲುವವರು ಒಂದು ಕಡೆ, ಆ ಗೋಡೆಯನ್ನು ಒಡೆಯುವವರು ಇನ್ನೊಂದು ಕಡೆ. ಸೀಮೋರ್ ಗೋಡೆ ಒಡೆಯುವವರು. ತೂಕ ಸುಮಾರು 140 ಕಿಲೋಗ್ರಾಂ. ಇಂಥವರ ಹೆಸರು ಅಂಕಪಟ್ಟಿಯಲ್ಲಿ ಕಾಣುವುದು ಅಪರೂಪ. ಆದರೆ ಅವರು ಸೋತ ದಿನ ತಂಡವೂ ಸೋಲುವುದೇ ಹೆಚ್ಚು.

ಇನ್ನು ಸರದಿಯ ವಿಚಾರ. ಪ್ರತಿ ವರ್ಷವೂ ಕಾಲೇಜು ಆಟಗಾರರನ್ನು ತಂಡಗಳು ಒಂದೊಂದಾಗಿ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. 1936ರಿಂದ ನಡೆದುಬಂದಿರುವ ಈ ಪದ್ಧತಿಯಲ್ಲಿ, ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ಈಗ 32 ತಂಡಗಳು, ಏಳು ಸುತ್ತುಗಳು. ಈ ಸರದಿಗಳನ್ನು ತಂಡಗಳು ಪರಸ್ಪರ ಮಾರಿಕೊಳ್ಳಬಹುದು, ವರ್ಷಗಳಷ್ಟು ಮುಂಚಿತವಾಗಿಯೂ ಮಾರಬಹುದು. ಸ್ವಾರಸ್ಯವೆಂದರೆ, ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಈ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಸರದಿಗೆ ಬೆಲೆ ಕಟ್ಟಲು 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಒಂದು ಕೋಷ್ಟಕವನ್ನು ಸಿದ್ಧಪಡಿಸಿತು. ಅದರಂತೆ ಮೊದಲ ಸರದಿಗೆ 3000 ಅಂಕ, 3ನೆಯದಕ್ಕೆ 2200, 17ನೆಯದಕ್ಕೆ 950, 32ನೆಯದಕ್ಕೆ 590. ಇಲ್ಲಿ ಒಂದು ತೊಡಕಿದೆ. ಎರಡು ವರ್ಷಗಳ ನಂತರದ ಸರದಿಯನ್ನು ಕೊಟ್ಟವರಿಗೆ ತಾವು ಕೊಟ್ಟದ್ದು 3000ವೋ 590ವೋ ಎಂಬುದೇ ತಿಳಿಯದು. ರೈಡರ್ಸ್‌ನ ಹಿಂದಿನ ದಾಖಲೆಯೋ ಆಶಾದಾಯಕವಾಗಿರಲಿಲ್ಲ. 2003ರಿಂದ 2008ರವರೆಗೆ ಪ್ರತಿ ವರ್ಷವೂ 16 ಪಂದ್ಯಗಳಲ್ಲಿ ಕನಿಷ್ಠ 11ನ್ನು ಅದು ಸೋತಿತ್ತು. ಅಂಥ ತಂಡ ತನ್ನ ಮೊದಲ ಸುತ್ತಿನ ಸರದಿಯನ್ನು ಕೊಡುವುದೆಂದರೆ ಮೊತ್ತ ಬರೆಯದೆ ಚೆಕ್ಕಿಗೆ ಸಹಿ ಹಾಕಿದಂತೆ.

ಹಾಗಾದರೂ ಕೊಡುವುದೇಕೆ? ನಾಳಿನದು ಯಾವಾಗಲೂ ಇಂದಿನದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಈ ವರ್ಷದ ಎರಡನೆಯ ಸುತ್ತಿನ ಸರದಿಗೆ ಮುಂದಿನ ವರ್ಷದ ಮೊದಲ ಸುತ್ತಿನದು ಸಮ ಎಂಬುದು ತಂಡಗಳ ನಡುವಿನ ರೂಢಿ. ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಇಂಥ ವಿನಿಮಯಗಳನ್ನು ಲೆಕ್ಕ ಹಾಕಿ, 2013ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅದರ ಬಡ್ಡಿಯ ದರವನ್ನು ತಿಳಿಸಿದರು. ಅದು ವರ್ಷಕ್ಕೆ ಶೇ 136! ಇಂದು 100 ರೂಪಾಯಿ ಸಾಲ ತಂದು ಮುಂದಿನ ವರ್ಷ 236 ರೂಪಾಯಿ ತೀರಿಸಿದಂತಾಯಿತು. ಎರಡು ವರ್ಷ ಬಿಟ್ಟರೆ ಸುಮಾರು 557 ರೂಪಾಯಿ. ಯಾವ ತಂದೆಯೂ ಮಗನ ಫೀಸಿಗಾಗಿ ಇಂಥ ಸಾಲ ಮಾಡಲಾರ.

ಹಾಗೆಂದು ಸರದಿ ಎಂದರೆ ಕಲಬೆರಕೆಯಿಲ್ಲದ ಚಿನ್ನವೂ ಅಲ್ಲ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರನ್ನು ಬೆನ್ನುಬೆನ್ನಿಗೆ ಆರಿಸಿದಾಗ, ಮೊದಲು ಆಯ್ಕೆಯಾದವನೇ ಮುಂದೆ ಉತ್ತಮನೆನಿಸುವ ಸಂಭವ ಶೇ 52 ಎಂದು ಅದೇ ಪ್ರಬಂಧ ಹೇಳುತ್ತದೆ. ನಾಣ್ಯ ಚಿಮ್ಮಿದರೆ ಶೇ 50. ವ್ಯತ್ಯಾಸ ಎಷ್ಟು ಅಲ್ಪವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸೀಮೋರ್ ವಿಚಾರದಲ್ಲಿ ಇಂಥ ಅನಿಶ್ಚಿತತೆ ಇರಲಿಲ್ಲ. ಎಂಟು ವರ್ಷಗಳ ಆಟ, ಮೂರು ಸೂಪರ್ ಬೌಲ್ ಗೆಲುವು ಎಲ್ಲರೂ ಕಂಡದ್ದೇ. ಆದರೆ ಮರುತಿಂಗಳು ಅವರಿಗೆ 30 ತುಂಬಲಿತ್ತು. ದಿನವೂ ಡಿಕ್ಕಿ ಹೊಡೆಯುವ ಉದ್ಯೋಗದಲ್ಲಿ ಅದು ಚಿಕ್ಕ ವಯಸ್ಸಲ್ಲ.

ತಕ್ಕಡಿಯಲ್ಲಿ ಇಡಬೇಕಾದ ಇನ್ನೊಂದು ಕಲ್ಲು ಸಂಬಳ. ತಂಡವೊಂದು ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳಕ್ಕೆ ಲೀಗ್ ಮಿತಿ ಹಾಕಿದೆ. 2011ರಲ್ಲಿ ಆ ಮಿತಿ ಸುಮಾರು 12 ಕೋಟಿ ಡಾಲರ್. ಅದೇ ವರ್ಷ ರೈಡರ್ಸ್ ಸೀಮೋರ್ ಅವರೊಂದಿಗೆ ಎರಡು ವರ್ಷಕ್ಕೆ 3 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ವರ್ಷದ ಸರಾಸರಿ, ಮಿತಿಯ ಎಂಟನೆಯ ಒಂದು ಭಾಗ. ಡ್ರಾಫ್ಟ್‌ನಿಂದ ಬಂದ ಹುಡುಗನಾದರೋ ನಿಗದಿತ ಸಣ್ಣ ಸಂಬಳಕ್ಕೆ ನಾಲ್ಕು ವರ್ಷ ಆಡಬೇಕು. ಹೀಗಾಗಿ ಹಿರಿಯ ಆಟಗಾರನಿಗೆ ತೆತ್ತ ಬೆಲೆಯೆಂದರೆ ಸರದಿಯಷ್ಟೇ ಅಲ್ಲ, ಸರದಿ ಉಳಿಸುತ್ತಿದ್ದ ಹಣವೂ ಹೌದು.

ಮುಂದೇನಾಯಿತು? ಸೀಮೋರ್ ಚೆನ್ನಾಗಿಯೇ ಆಡಿದರು. 2010 ಮತ್ತು 2011ರಲ್ಲಿ ಶ್ರೇಷ್ಠರ ತಂಡಕ್ಕೆ ಆಯ್ಕೆಯಾದರು. 2010ರಲ್ಲಿ ರೈಡರ್ಸ್ 8 ಪಂದ್ಯ ಗೆದ್ದು 8 ಸೋತಿತು. ಪರಿಣಾಮವಾಗಿ ಮಾರಿದ ಸರದಿ 17ನೆಯದಾಯಿತು, ಬೆಲೆ 950ಕ್ಕೆ ನಿಂತಿತು. ಸೀಮೋರ್ ಇದ್ದ ನಾಲ್ಕು ಋತುಗಳಲ್ಲಿ ರೈಡರ್ಸ್ ಒಮ್ಮೆಯೂ ನಾಕೌಟ್ ಹಂತ ತಲುಪಲಿಲ್ಲ. ಪೇಟ್ರಿಯಟ್ಸ್ ಆ 17ನೆಯ ಸರದಿಯಲ್ಲಿ ನೇಟ್ ಸೋಲ್ಡರ್ ಎಂಬ ಯುವಕನನ್ನು ಆರಿಸಿತು. ಅವನೂ ಲೈನ್‌ಮನ್, ಆದರೆ ಗೋಡೆಯಾಗಿ ನಿಲ್ಲುವವನು. ಏಳು ಋತು ಆಡಿ ಎರಡು ಸೂಪರ್ ಬೌಲ್ ಗೆಲುವುಗಳಲ್ಲಿ ಪಾಲು ಪಡೆದ. ಪೇಟ್ರಿಯಟ್ಸ್ ಕೂಡ ಬಿಟ್ಟಿಯಾಗಿ ಏನನ್ನೂ ಪಡೆಯಲಿಲ್ಲ. ಸೀಮೋರ್ ಇಲ್ಲದ 2009ರಲ್ಲಿ ನಾಕೌಟ್ ಹಂತದ ಮೊದಲ ಪಂದ್ಯದಲ್ಲೇ, ಸ್ವಂತ ಮೈದಾನದಲ್ಲಿ ಸೋತಿತು.

ಇಲ್ಲೊಂದು ಸೂಕ್ಷ್ಮವಿದೆ. ಕೊಂಡ ಆಟಗಾರನಿಂದ ತಂಡ ಗೆದ್ದರೆ ಮಾರಿದ ಸರದಿಯ ಬೆಲೆ ಇಳಿಯುತ್ತದೆ. ಸೋತರೆ ಏರುತ್ತದೆ. ಎಂದರೆ ಸೋತವನು ಎರಡು ಸಲ ದಂಡ ತೆರುತ್ತಾನೆ. 2019ರಲ್ಲಿ ಹೂಸ್ಟನ್ ಟೆಕ್ಸನ್ಸ್ ತಂಡ ಲ್ಯಾರೆಮಿ ಟನ್ಸಿಲ್ ಎಂಬ ಲೈನ್‌ಮನ್‌ಗಾಗಿ ಮಯಾಮಿ ತಂಡಕ್ಕೆ 2020 ಮತ್ತು 2021ರ ಮೊದಲ ಸುತ್ತಿನ ಸರದಿಗಳನ್ನೂ, 2021ರ ಎರಡನೆಯ ಸುತ್ತಿನದನ್ನೂ ಕೊಟ್ಟಿತು. ಮೊದಲ ವರ್ಷ ತಂಡ 10 ಪಂದ್ಯ ಗೆದ್ದಿತು. ಸರದಿ 26ನೆಯದು, ಬೆಲೆ 700. ಮರುವರ್ಷ ಗೆದ್ದದ್ದು 4 ಮಾತ್ರ. ಸರದಿ 3ನೆಯದು, ಬೆಲೆ 2200! ಟನ್ಸಿಲ್ ಎರಡೂ ವರ್ಷ ಉತ್ತಮವಾಗಿಯೇ ಆಡಿದ್ದರು. ಅಷ್ಟು ಕೆಳಗೆ ಬಿದ್ದ ತಂಡಕ್ಕೆ 2021ರಲ್ಲಿ ಒಬ್ಬ ಹುಡುಗನನ್ನು ಆರಿಸಲು 67ನೆಯ ಸರದಿಯವರೆಗೆ ಕಾಯಬೇಕಾಯಿತು. ಗೋಡೆಯ ಒಂದು ಕಲ್ಲು ಗಟ್ಟಿಯಿದ್ದ ಮಾತ್ರಕ್ಕೆ ಮನೆ ನಿಲ್ಲುವುದಿಲ್ಲ.

ಆದ್ದರಿಂದ ಇಂಥ ವ್ಯಾಪಾರದಲ್ಲಿ ಕೇಳಬೇಕಾದ ಪ್ರಶ್ನೆ 'ಆಟಗಾರ ಒಳ್ಳೆಯವನೇ?' ಎಂಬುದೊಂದೇ ಅಲ್ಲ. 'ಅವನಿಗೆ ಶಕ್ತಿ ಇರುವಷ್ಟು ವರ್ಷದೊಳಗೆ ಉಳಿದ ತಂಡ ಸಿದ್ಧವಾಗುತ್ತದೆಯೇ? ಆಗದಿದ್ದರೆ ಬರುವ ಅತಿ ದೊಡ್ಡ ನಷ್ಟವನ್ನು ತಡೆದುಕೊಳ್ಳಬಹುದೇ?' ಎಂಬುವೂ ಮುಖ್ಯ. ಫಲಿತಾಂಶ ಬಂದ ಮೇಲೆ ಜಾಣತನ ಹೇಳುವುದು ಸುಲಭ. ನಿರ್ಧಾರ ಮಾಡಿದ ದಿನ ತಿಳಿದಿದ್ದುದೇನು, ತಿಳಿಯದೆ ಇದ್ದುದೇನು ಎಂದು ಎರಡು ಪಟ್ಟಿ ಬರೆದಿಟ್ಟುಕೊಂಡವನು ಮಾತ್ರ, ಸೋತಾಗಲೂ ತಾನು ಎಡವಿದ್ದು ಲೆಕ್ಕದಲ್ಲೋ ಅದೃಷ್ಟದಲ್ಲೋ ಎಂದು ಹೇಳಬಲ್ಲ. ಪರೀಕ್ಷೆಯ ನಂತರ ಯಾವ ಕೋರ್ಸ್ ಎಂಬ ಚರ್ಚೆ ನಡೆಯುವ ಮನೆಗಳಲ್ಲಿಯೂ ಆ ಎರಡು ಪಟ್ಟಿಗಳಿಗೆ ಒಂದು ಹಾಳೆ ಸಾಕು.